ಟೈರು ನೋಡಿ ಮರುಳಾಗಬೇಡಿ

ತೋಟದ ಓಡಾಟಕ್ಕೆ ಎಲೆಕ್ಟ್ರಿಕ್ ಬೈಕ್ ನೋಡುತ್ತಿದ್ದೀರಾ? ಶೋರೂಮಿನಲ್ಲಿ ದಪ್ಪ ಬಟನ್ ಟೈರು ಕಂಡ ಕೂಡಲೇ ಅಡ್ವಾನ್ಸ್ ಕೊಟ್ಟು ಬರಬೇಡಿ, ಸ್ವಲ್ಪ ತಾಳಿ. ಮುಂದಿನ ಚಕ್ರ ದೊಡ್ಡದಿದ್ದಷ್ಟೂ ಕಲ್ಲು, ಗುಂಡಿ ಸಲೀಸಾಗಿ ದಾಟುತ್ತದೆ, ನಿಜ. ಆದರೆ ಆ ಬಟನ್ ಟೈರು ಡಾಂಬರು ರಸ್ತೆಯಲ್ಲಿ ಗುಂಯ್‌ಗುಡುತ್ತಾ ಚಾರ್ಜನ್ನೂ ತಿನ್ನುತ್ತದೆ.

ಇನ್ನು ರೇಂಜ್. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2025ರಲ್ಲಿ ತೋರಿಸಿದ ಶಾಕ್‌ವೇವ್ ಬೈಕಿಗೆ 165 ಕಿ.ಮೀ. ಎಂದಿದೆ. ಬ್ಯಾಟರಿ 4 ಯೂನಿಟ್ಟಿನದು. ಅಂದರೆ ಯೂನಿಟ್ಟಿಗೆ 41 ಕಿ.ಮೀ.! ಅದು ಪರೀಕ್ಷೆಯ ಲೆಕ್ಕ ಮಾರಾಯ್ರೆ. ಮಳೆಗಾಲದ ಕೆಸರು, ಕಡಿದಾದ ಏರು, ಹಿಂದಿನ ಸೀಟಿನ ಗೊಬ್ಬರದ ಮೂಟೆ ಅದರಲ್ಲಿ ಸೇರಿಲ್ಲ. ಯಾವ ಗಾಡಿಯೇ ಆಗಲಿ, ಹೇಳಿದ್ದರಲ್ಲಿ ಅರ್ಧ ಎಂದು ಹಿಡಿದು, ಅಷ್ಟರಲ್ಲಿ ನಿಮ್ಮ ದಿನ ಸಾಗುತ್ತದೆಯೇ ನೋಡಿಕೊಳ್ಳಿ.

ಬೆಲೆ ಕೇಳುವಾಗ, ರಿಜಿಸ್ಟ್ರೇಷನ್ ಆಗುವ ಗಾಡಿಯೇ ಎಂದೂ ಕೇಳಿ. ನಂಬರ್ ಸಿಗದ ಡರ್ಟ್ ಬೈಕನ್ನು ತೋಟದ ಗೇಟು ದಾಟಿ ರಸ್ತೆಗೆ ಇಳಿಸುವಂತಿಲ್ಲ. ನೀವು ನೋಡಿದ ಗಾಡಿಯ ಅಳತೆಯ ಟೈರು ನಿಮ್ಮ ಪೇಟೆಯಲ್ಲಿ ಸಿಗುತ್ತದೆಯೇ ಎಂಬುದನ್ನು ಪಂಕ್ಚರ್ ಅಂಗಡಿಯಲ್ಲೇ ವಿಚಾರಿಸಿ. ಶೋರೂಮಿನವರು 'ಸಿಗುತ್ತೆ ಸಾರ್' ಅಂತಲೇ ಹೇಳುತ್ತಾರೆ.