ಕಸ ಎತ್ತುವ ಕೈಗಳಿಗೂ ಹಕ್ಕಿದೆ

ಅಡುಗೆ ಮನೆಯಲ್ಲಿ ಗಾಜಿನ ಲೋಟವೊಂದು ಒಡೆಯಿತು. ಚೂರುಗಳನ್ನು ಗುಡಿಸಿ, ತರಕಾರಿ ಸಿಪ್ಪೆಯ ಜೊತೆಗೇ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಬಾಗಿಲ ಹೊರಗಿಟ್ಟೆವು. ನಮ್ಮ ಮನೆಯೇನೋ ಶುಚಿಯಾಯಿತು. ಆದರೆ ಆ ಚೀಲವನ್ನು ಎತ್ತುವವರ ಅಂಗೈಯ ಗತಿಯೇನು?

ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ಸರಿಸುವುದು ಈಮಾನ್‌ನ ಶಾಖೆಗಳಲ್ಲೊಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ, ತೊಂದರೆಯನ್ನು ನಾವೇ ಕಟ್ಟಿ ಇನ್ನೊಬ್ಬರ ಕೈಗೆ ಕೊಡುವುದು ಎಷ್ಟು ಸರಿ? ಯೋಚಿಸಿ ನೋಡಿ.

ಮೊದಲನೆಯದಾಗಿ, ಕಸವನ್ನು ಬೇರ್ಪಡಿಸಿರಿ. ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಹಸಿ ಕಸ, ಒಣ ಕಸ ಮತ್ತು ಮನೆಯ ಅಪಾಯಕಾರಿ ಕಸವನ್ನು ಬೇರೆ ಬೇರೆಯಾಗಿಡಲು ಹೇಳಿದವು. ಶಿಶುಗಳ ಡಯಾಪರ್ ಹಾಗೂ ಮುಟ್ಟಿನ ಪ್ಯಾಡ್‌ಗಳನ್ನು ಕಾಗದದಲ್ಲಿ ಭದ್ರವಾಗಿ ಸುತ್ತಿ ಪ್ರತ್ಯೇಕವಾಗಿ ಕೊಡಿರಿ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಯಾರೋ ಒಬ್ಬರು ಅದನ್ನು ಕೈಯಿಂದಲೇ ಕೆದಕಿ ಆರಿಸಬೇಕಾಗುತ್ತದೆ.

ಒಡೆದ ಗಾಜನ್ನು ಬರಿಗೈಯಿಂದ ಹೆಕ್ಕಬೇಡಿ. ಪೊರಕೆ ಮತ್ತು ಮೊರ ಬಳಸಿ. ಸಣ್ಣ ಚೂರುಗಳನ್ನು ಒದ್ದೆ ಕಾಗದದಿಂದ ಒತ್ತಿ ತೆಗೆಯಿರಿ. ಬಳಿಕ ದಪ್ಪ ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ 'ಗಾಜು' ಎಂದು ಬರೆಯಿರಿ. ಬ್ಲೇಡಿಗೂ ಇದೇ ಕ್ರಮ. ಟ್ಯೂಬ್‌ಲೈಟ್ ಅಥವಾ ಸಿ.ಎಫ್.ಎಲ್. ದೀಪ ಒಡೆದರೆ ಮಾತ್ರ ಪೊರಕೆ ಬೇಡ. ಅದರಲ್ಲಿ ಪಾದರಸವಿದೆ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಿ, ಹತ್ತು ನಿಮಿಷದ ನಂತರ ಗಟ್ಟಿ ರಟ್ಟಿನಿಂದ ಚೂರುಗಳನ್ನು ಒಟ್ಟುಮಾಡಿ ಮುಚ್ಚಳವಿರುವ ಡಬ್ಬಿಗೆ ಹಾಕಿರಿ.

ಇಂದು ಅನೇಕ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಎಸೆಯುವುದು ದೊಡ್ಡ ಅಪಾಯ. ಹೆಪಟೈಟಿಸ್ ಬಿ ರೋಗಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಿ. ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತಿ, ಎಲ್ಲಿಗೆ ಒಪ್ಪಿಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿರಿ.

ಇನ್ನು, ಸ್ವತಃ ಶುಚಿಗೊಳಿಸುವವರಿಗೆ ಕೆಲವು ಮಾತುಗಳು. ರಬ್ಬರ್ ಕೈಗವಸು ತೊಡಿರಿ. ಚೀಲವನ್ನು ಕೈಯಿಂದ ಅಥವಾ ಕಾಲಿನಿಂದ ಅದುಮಬೇಡಿ. ಬಾಯಿಯ ಬಳಿ ಹಿಡಿದು, ಮೈಗೆ ತಾಗದಂತೆ ಒಯ್ಯಿರಿ. ಬ್ಲೀಚಿಂಗ್ ಪೌಡರನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಅದರಿಂದ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಪ್ಲಾಸ್ಟಿಕನ್ನು ಸುಡಬೇಡಿ, ಅದರ ಹೊಗೆಯೂ ವಿಷವೇ. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಬಾಯಿಯಿಂದ ಚೀಪದೆ, ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿರಿ. ಎಚ್.ಐ.ವಿ. ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು.

ಮನೆಗೆಲಸಕ್ಕೆ ಬರುವ ಸಹೋದರಿಗೆ ಒಂದು ಜೊತೆ ಕೈಗವಸು ಕೊಡಿಸಲು ಹೆಚ್ಚು ಖರ್ಚೇನೂ ಇಲ್ಲ. ಆಕೆಯ ಕೈಗೆ ಗಾಯವಾದರೆ ಅಂದಿನ ಕೂಲಿಯೂ ಹೋಗುತ್ತದೆ, ಮಕ್ಕಳ ಊಟವೂ ಹೋಗುತ್ತದೆ. ಮನುಷ್ಯರ ಹಕ್ಕಿಗೆ ಚ್ಯುತಿ ತಂದವನು ಆ ಮನುಷ್ಯರಿಂದಲೇ ಕ್ಷಮೆ ಪಡೆಯಬೇಕಾಗುತ್ತದೆ. ನಮ್ಮ ಚೀಲದಿಂದ ಗಾಯಗೊಂಡವರು ಯಾರೆಂದು ನಮಗೆ ತಿಳಿಯುವುದೇ ಇಲ್ಲ. ಹಾಗಿದ್ದ ಮೇಲೆ ಕ್ಷಮೆ ಕೇಳುವುದು ಯಾರಲ್ಲಿ?

ಇಂದು ರಾತ್ರಿ ಕಸದ ಚೀಲದ ಬಾಯಿ ಕಟ್ಟುವ ಮುನ್ನ ಒಮ್ಮೆ ಒಳಗೆ ನೋಡಿರಿ.