ಘರ್ಷಣೆ ಇದೆ ಎಂದು ಭಾವಿಸಿ

ಬಿಎಸ್ಸಿ ಭೌತಶಾಸ್ತ್ರದ ಲೆಕ್ಕಗಳಲ್ಲಿ ಹಗ್ಗಕ್ಕೆ ತೂಕವಿರುವುದಿಲ್ಲ, ರಾಟೆಗೆ ಘರ್ಷಣೆ ಇರುವುದಿಲ್ಲ, ತೊಲೆ ಬಾಗುವುದೇ ಇಲ್ಲ. ಆ ಲೋಕದಲ್ಲಿ ಪದವಿ ಮುಗಿಸಿ, ಸಿವಿಲ್ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಬಂದು ಕೂತ ಹಾಸನ ಕಡೆಯ ಹುಡುಗನೊಬ್ಬನಿಗೆ ಮೊದಲು ಗೊತ್ತಾದದ್ದೇ ಇಲ್ಲಿ ಎಲ್ಲಕ್ಕೂ ತೂಕವಿದೆ ಎಂಬುದು. ಆ ಹುಡುಗನನ್ನು ನಾನು ಚೆನ್ನಾಗಿ ಬಲ್ಲೆ. ಅವನೇ ಇದನ್ನು ಬರೆಯುತ್ತಿರುವುದು. ಈಗ ಸೈಟಿನ ದೂಳಿನಲ್ಲಿ ನಿಂತು ನೋಡಿದರೆ ಅವನನ್ನು ‘ನಾನು’ ಎನ್ನುವುದಕ್ಕಿಂತ ‘ಆತ’ ಎನ್ನುವುದೇ ಸಲೀಸು.

ಆತ ಬಿ.ಇ.ಗೆ ಸೇರುತ್ತೇನೆಂದಾಗ ಸೋದರಮಾವ ಕೇಳಿದ್ದು ಒಂದೇ ಮಾತು: ‘ಅಲ್ಲ ಕಣೋ, ಮೂರು ವರ್ಷ ಓದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲೋ?’

ಮಾವನಿಗೆ ಉತ್ತರ ಕೊಡಲು ದೊಡ್ಡವರ ಹೆಸರು ಬೇಕಾದಷ್ಟಿದ್ದವು. ವಿಶ್ವೇಶ್ವರಯ್ಯನವರು ಮೊದಲು ಓದಿದ್ದು ಎಂಜಿನಿಯರಿಂಗ್ ಅಲ್ಲ. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಅಲ್ಲಿ ಎಂಜಿನಿಯರ್ ಆದರು. ಸತೀಶ್ ಧವನ್ ಲಾಹೋರಿನಲ್ಲಿ ಗಣಿತ-ಭೌತಶಾಸ್ತ್ರ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲೂ ಪದವಿ ಪಡೆದವರು. 1962ರಿಂದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ನಡೆಸಿದವರೂ ಅವರೇ. ಆ ಸಂಸ್ಥೆಯಲ್ಲಿ ಬಿಎಸ್ಸಿ ಮುಗಿಸಿದವರಿಗೆಂದೇ ಮೂರು ವರ್ಷದ ಬಿ.ಇ. ಒಂದು ಕಾಲದಲ್ಲಿ ಇತ್ತು. ಇನ್ನು ಅಬ್ದುಲ್ ಕಲಾಂ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ 1954ರಲ್ಲಿ ಭೌತಶಾಸ್ತ್ರ ಮುಗಿಸಿದ ಮೇಲೆ, ಇದು ತನ್ನ ವಿಷಯವಲ್ಲ ಅನ್ನಿಸಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸೇರಿದರು. ಪ್ರವೇಶದ ಹಣಕ್ಕೆ ಅಕ್ಕ ಜೊಹರಾ ಚಿನ್ನದ ಬಳೆ, ಸರ ಅಡವಿಟ್ಟರು. ಅಲ್ಲಿ ವಿಮಾನದ ವಿನ್ಯಾಸ ತಡವಾಗಿದ್ದಕ್ಕೆ ಪ್ರೊಫೆಸರ್ ಶ್ರೀನಿವಾಸನ್ ಮೂರು ದಿನದ ಗಡುವು ಕೊಟ್ಟು, ಮುಗಿಯದಿದ್ದರೆ ಸ್ಕಾಲರ್‌ಶಿಪ್ ನಿಲ್ಲಿಸುವುದಾಗಿ ಹೇಳಿದರು. ಕಲಾಂ ರಾತ್ರಿಯೆಲ್ಲ ಡ್ರಾಯಿಂಗ್ ಬೋರ್ಡ್ ಬಿಟ್ಟೇಳಲಿಲ್ಲ.

ಮಾವನಿಗೆ ಇದನ್ನೆಲ್ಲ ಹೇಳಿದ ಆತ ಡ್ರಾಯಿಂಗ್ ಬೋರ್ಡಿನ ಮಾತನ್ನು ಮಾತ್ರ ಗಮನಿಸಿರಲಿಲ್ಲ. ಬಿಎಸ್ಸಿಯಿಂದ ಬರುವವರಿಗೆ ನಿಜವಾದ ಹೊಸ್ತಿಲು ಅದೇ.

ಎರಡನೇ ವರ್ಷಕ್ಕೆ ನೇರ ಪ್ರವೇಶ ಕೊಡುವ ಲ್ಯಾಟರಲ್ ಎಂಟ್ರಿಯ ನಿಯಮದಲ್ಲೇ ಈ ವಿಚಾರ ಇತ್ತು. ಬಿಎಸ್ಸಿಯಲ್ಲಿ ಕನಿಷ್ಠ ಶೇ 45 ಅಂಕ (ಮೀಸಲಾತಿಯವರಿಗೆ ಶೇ 40), ಪಿಯುಸಿಯಲ್ಲಿ ಗಣಿತ ಇದ್ದರೆ ಎರಡನೇ ವರ್ಷಕ್ಕೆ ಸೇರಬಹುದು ಎನ್ನುತ್ತದೆ ಎಐಸಿಟಿಇ. ಜೊತೆಗೆ ಮೊದಲ ವರ್ಷದ ಡ್ರಾಯಿಂಗ್ ಮತ್ತು ಮೆಕ್ಯಾನಿಕ್ಸ್ ಪಾಸು ಮಾಡಿಕೊಳ್ಳಬೇಕಿತ್ತು. ವಿಟಿಯುವಿನ 2018ರ ಸ್ಕೀಮಿನಲ್ಲಿ ಈ ಪೇಪರ್‌ಗಳಿಗೆ ಕ್ರೆಡಿಟ್ ಇರಲಿಲ್ಲ, ಮುಂದಿನ ವರ್ಷಕ್ಕೆ ಹೋಗಲು ಅಡ್ಡಿಯೂ ಇರಲಿಲ್ಲ. ಆದರೆ ಪಾಸಾಗದೆ ಡಿಗ್ರಿ ಸಿಗುತ್ತಿರಲಿಲ್ಲ. ಕ್ರೆಡಿಟ್ ಇಲ್ಲದ್ದನ್ನು ಆಮೇಲೆ ನೋಡೋಣ ಎಂದು ಮುಂದೂಡುವವರೇ ಹೆಚ್ಚಿದ್ದರು. ಕೊನೆಯ ಸೆಮಿಸ್ಟರಿನಲ್ಲಿ, ಪ್ರಾಜೆಕ್ಟ್ ಮತ್ತು ಇಂಟರ್‌ವ್ಯೂಗಳ ನಡುವೆ, ಡ್ರಾಯಿಂಗ್ ಪುಸ್ತಕ ಹಿಡಿದು ಕೂರುವ ಪಾಡು ಯಾರಿಗೂ ಬೇಡ.

‘ಒಂದು ರೇಖೆ ಎಚ್‌ಪಿಗೆ 30 ಡಿಗ್ರಿ, ವಿಪಿಗೆ 45 ಡಿಗ್ರಿ ವಾಲಿದೆ. ಅದರ ಪ್ರೊಜೆಕ್ಷನ್ ಬರೆಯಿರಿ.’ ಇದನ್ನೇ ವೆಕ್ಟರ್ ರೂಪದಲ್ಲಿ ಬರೆ ಎಂದಿದ್ದರೆ ಆತ ಎರಡು ಸಾಲಿನಲ್ಲಿ ಮುಗಿಸುತ್ತಿದ್ದ. ಹಾಳೆಯ ಮೇಲೆ ಪೆನ್ಸಿಲ್ ಮಾತ್ರ ಓಡಲಿಲ್ಲ. ಕಾಪಾಡಿದ್ದು ಡಿಪ್ಲೊಮಾ ಮುಗಿಸಿ ಬಂದಿದ್ದ ಪಕ್ಕದ ಬೆಂಚಿನವನು. ‘ಲೋ ಬಿಎಸ್ಸಿ, ಪುಸ್ತಕ ಮುಚ್ಚು. ರೂಮಿನ ಮೂಲೇಲಿ ಪೆನ್ಸಿಲ್ ಹಿಡಿ. ನೆಲ ಎಚ್‌ಪಿ, ಗೋಡೆ ವಿಪಿ. ಮೇಲಿಂದ ಟಾರ್ಚ್ ಬಿಡು, ಆಮೇಲೆ ಮುಂದಿಂದ ಬಿಡು, ಬೀಳೋ ನೆರಳು ನೋಡು.’ ಯಾವ ಪುಸ್ತಕವೂ ಹಾಗೆ ಹೇಳಿರಲಿಲ್ಲ. ಸರ್ವೆ ಪ್ರಾಕ್ಟಿಕಲ್‌ನಲ್ಲೂ ಅದೇ ಕತೆ: ಈತ ಥಿಯೊಡೊಲೈಟನ್ನು ಸ್ಟ್ಯಾಂಡಿಗೆ ಕೂರಿಸುವಷ್ಟರಲ್ಲಿ ಡಿಪ್ಲೊಮಾ ಹುಡುಗರು ರೀಡಿಂಗ್ ತೆಗೆದು ಕ್ಯಾಂಟೀನಿಗೆ ಹೋಗಿರುತ್ತಿದ್ದರು. ಫೂರಿಯರ್ ಸರಣಿ ಬಂದಾಗ ಅವರೆಲ್ಲ ಈತನ ರೂಮಿಗೆ ಬರುತ್ತಿದ್ದರು. ಇಂಥ ಕೊಡುಕೊಳ್ಳುವಿಕೆ ಇಲ್ಲದೆ ಲ್ಯಾಟರಲ್ ಎಂಟ್ರಿಯವರು ದಡ ಸೇರುವುದು ಕಷ್ಟ. ಪದವೀಧರ ಎಂಬ ಬಿಗುಮಾನ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರುವವರನ್ನೂ ಆತ ಕಂಡಿದ್ದಾನೆ. ಅವರಿಗೆ ಡ್ರಾಯಿಂಗೂ ಬರಲಿಲ್ಲ, ಗೆಳೆಯರೂ ಸಿಗಲಿಲ್ಲ.

ಬಿಎಸ್ಸಿ ನಿಜಕ್ಕೂ ಕೈಹಿಡಿದದ್ದು ಕಾಂಕ್ರೀಟ್ ಪಾಠದಲ್ಲಿ. ಎಂ20 ಕಾಂಕ್ರೀಟ್ ಎಂದರೆ 150 ಮಿ.ಮೀ. ಅಳತೆಯ ಕ್ಯೂಬ್ 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬೇಕು. ಆದರೆ ತೊಲೆಯ ಲೆಕ್ಕಕ್ಕೆ ಆ 20ನ್ನು ಪೂರ್ತಿ ನಂಬುವಂತಿಲ್ಲ. ಕಾಂಕ್ರೀಟ್ ಕೆಲಸದ ಮಾನದಂಡ ಐಎಸ್ 456ರ ಪ್ರಕಾರ ಮೊದಲು 0.67ರಿಂದ ಗುಣಿಸಿ, ಆಮೇಲೆ 1.5ರಿಂದ ಭಾಗಿಸಬೇಕು, ಉಳಿಯುವುದು ಸುಮಾರು 9. ಕಂಬಿಯ ಬಲವನ್ನು 1.15ರಿಂದ ಭಾಗಿಸಬೇಕು, ಬೀಳುವ ಭಾರವನ್ನು ಮಾತ್ರ ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಮೂರನೇ ದಶಾಂಶದವರೆಗೆ ಉತ್ತರ ಬರೆದು ರೂಢಿಯಾಗಿದ್ದ ಆತನಿಗೆ ಇದು ಅಡ್ಡಾದಿಡ್ಡಿ ಕೆಲಸವಾಗಿ ಕಂಡಿತು. ಮಿಕ್ಸ್ ಡಿಸೈನ್ ಬಂದಾಗ ಅದರೊಳಗಿನ ತರ್ಕ ಹೊಳೆಯಿತು. ಎಂ20 ಬೇಕಾದರೆ 20ಕ್ಕೇ ಗುರಿ ಇಡುವುದಿಲ್ಲ. ಪ್ರಮಾಣಿತ ವಿಚಲನೆ 4 ಎಂದು ಹಿಡಿದು, ಅದನ್ನು 1.65ರಿಂದ ಗುಣಿಸಿ ಕೂಡಿಸಿ, 26.6ಕ್ಕೆ ಗುರಿ ಇಡುತ್ತಾರೆ. ಈ 1.65 ಎಲ್ಲಿಂದ ಬಂತೆಂದು ಕ್ಲಾಸಿನಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಸಂಖ್ಯಾಶಾಸ್ತ್ರ ಓದಿದ್ದವನಿಗೆ ತಿಳಿದಿತ್ತು: ನಾರ್ಮಲ್ ಕರ್ವ್‌ನ ಎಡತುದಿಯಲ್ಲಿ ಶೇ 5ರಷ್ಟನ್ನು ಕತ್ತರಿಸುವ ಗೆರೆ ಅದು. ನೂರು ಕ್ಯೂಬ್ ಒತ್ತಿದರೆ ಐದಕ್ಕಿಂತ ಹೆಚ್ಚು 20ರ ಕೆಳಗೆ ಬೀಳಬಾರದು ಎಂಬುದರ ಗಣಿತರೂಪ. ಮಾವನ ಹುಣಸೆಹಣ್ಣಿನ ಪ್ರಶ್ನೆಗೆ ತಕ್ಕ ಉತ್ತರ ಸಿಕ್ಕಿದ್ದು ಇಲ್ಲಿ, ವಿಶ್ವೇಶ್ವರಯ್ಯನವರ ಜೀವನಚರಿತ್ರೆಯಲ್ಲಲ್ಲ.

ಹಾಗಂತ ಇದು ಎಲ್ಲರಿಗೂ ಸಲ್ಲುವ ದಾರಿಯಲ್ಲ. ಪಿಯುಸಿಯ ನಂತರ ನೇರ ಹೋದವರಿಗೆ ನಾಲ್ಕು ವರ್ಷ ಸಾಕು; ಇಲ್ಲಿ ಮೂರರ ಮೇಲೆ ಮೂರು, ಒಟ್ಟು ಆರು. ಓರಗೆಯವರು ಸಂಬಳ ಎಣಿಸುವಾಗ ಈತ ಮನೆಯಿಂದ ಫೀಸು ತರಿಸಿಕೊಳ್ಳುತ್ತಿದ್ದ. ಭೌತಶಾಸ್ತ್ರದ ಮೇಲೇ ಪ್ರೀತಿ ಇದ್ದವರು ಎಂಎಸ್ಸಿ ಮಾಡುವುದೇ ವಾಸಿ. ಅದಾದ ಮೇಲೆ ಗೇಟ್ ಬರೆದು ಕೆಲವು ವಿಭಾಗಗಳಲ್ಲಿ ಎಂ.ಟೆಕ್‌ಗೆ ಹೋಗುವ ಬಾಗಿಲೂ ತೆರೆದಿದೆ. ‘ಸೈನ್ಸ್‌ನಲ್ಲಿ ಕೆಲಸ ಸಿಗಲ್ಲ’ ಎಂಬ ಒಂದೇ ಕಾರಣಕ್ಕೆ ಹೊರಡುವವರು ಸಿವಿಲ್, ಮೆಕ್ಯಾನಿಕಲ್ ಮುಗಿಸಿದವರನ್ನೂ ಒಂದು ಮಾತು ಕೇಳಲಿ. ಅವರ ಪಾಡೂ ಅಷ್ಟಕ್ಕಷ್ಟೆ.

ಹೊರಡುವುದೇ ಆದರೆ, ಬಿಎಸ್ಸಿ ಅಂಕಪಟ್ಟಿಗಿಂತ ಮೊದಲು ಪಿಯುಸಿಯ ಅಂಕಪಟ್ಟಿ ತೆಗೆದು ಗಣಿತ ಇದೆಯೇ ನೋಡಿಕೊಳ್ಳಿ. ಸೇರುವ ವರ್ಷದ ನಿಯಮವನ್ನು ಏಜೆಂಟರ ಬಾಯಿಂದ ಕೇಳದೆ ಕೆಇಎ ಮತ್ತು ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ಓದಿ. ಫೀಸು ಕಟ್ಟುವ ಮುನ್ನ ಮೊದಲ ವರ್ಷದ ಡ್ರಾಯಿಂಗ್ ಪ್ರಶ್ನೆಪತ್ರಿಕೆಯೊಂದನ್ನು ತಂದು, ಒಂದು ಸಂಜೆ ಅದರ ಮುಂದೆ ಕೂತು ನೋಡಿ.