ಎಲ್ಬೆ ದಡದ ಗಾಜಿನ ಸಂಗೀತ ಭವನ: ನೋಡುವುದು ಹೇಗೆ?

ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಕೋಕೋ, ಚಹಾ, ತಂಬಾಕು ತುಂಬಿಡುತ್ತಿದ್ದ ಹಳೆಯ ಇಟ್ಟಿಗೆ ಗೋದಾಮೊಂದಿದೆ. ಅದರ ನೆತ್ತಿಯ ಮೇಲೆ ಅಲೆಯಾಕಾರದ ಗಾಜಿನ ಕಟ್ಟಡವೊಂದು ಎದ್ದು ನಿಂತಿದೆ. ಅದೇ ಎಲ್ಬ್‌ಫಿಲ್ಹಾರ್ಮೊನಿ, ಊರವರ ಬಾಯಲ್ಲಿ ‘ಎಲ್ಫಿ’. ವಿನ್ಯಾಸ ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ಡಿ ಮ್ಯೂರೋನ್ ಸಂಸ್ಥೆಯದು. 2010ಕ್ಕೆ ಮುಗಿಯಬೇಕಿದ್ದ ಕಟ್ಟಡ ಬಾಗಿಲು ತೆರೆದದ್ದು 2017ರ ಜನವರಿ 11ರಂದು. ಅಷ್ಟರಲ್ಲಿ ಖರ್ಚು 80 ಕೋಟಿ ಯೂರೋ ದಾಟಿತ್ತು. ಹೊರಗೆ ನಿಂತು ಫೋಟೊ ತೆಗೆದು ಹೊರಟರೆ ಅರ್ಧ ನೋಡಿದಂತೆ. ಪೂರ್ತಿ ನೋಡಲು ಹೀಗೆ ಮಾಡಿ.

1. ಕಛೇರಿಯ ಟಿಕೆಟ್ ಮೊದಲು

ಒಳ್ಳೆಯ ವಾದ್ಯವೃಂದಗಳ ಟಿಕೆಟ್‌ಗಳು ತಿಂಗಳುಗಳ ಮೊದಲೇ ಖಾಲಿಯಾಗುತ್ತವೆ. ಪ್ರವಾಸದ ದಿನಾಂಕ ಗೊತ್ತಾದ ಕೂಡಲೇ ಭವನದ ಅಧಿಕೃತ ಜಾಲತಾಣದಲ್ಲಿ ಕಾರ್ಯಕ್ರಮ ಪಟ್ಟಿ ನೋಡಿ. ‘ಖಾಲಿ’ ಎಂದಿದ್ದರೂ ಕೈಬಿಡಬೇಡಿ, ಹಿಂದಿರುಗಿಸಿದ ಟಿಕೆಟ್‌ಗಳು ಮತ್ತೆ ಮಾರಾಟಕ್ಕೆ ಬರುವುದುಂಟು.

2. ಆಸನ ನೋಡಿ ಆರಿಸಿ

ಸುಮಾರು 2,100 ಆಸನಗಳ ದೊಡ್ಡ ಸಭಾಂಗಣದಲ್ಲಿ ವೇದಿಕೆ ನಡುವೆ, ಕೇಳುಗರು ಸುತ್ತಲೂ. ವಾದ್ಯವೃಂದದ ಹಿಂದೆ ಕುಳಿತರೆ ನಿರ್ದೇಶಕರ ಮುಖ ಎದುರಿಗೇ ಕಾಣುತ್ತದೆ, ಆ ಮಜವೇ ಬೇರೆ. ಆದರೆ ಗಾಯನವಿದ್ದರೆ ಮುಂಭಾಗದ ಆಸನವೇ ಲೇಸು. 2019ರಲ್ಲಿ ಹೆಸರಾಂತ ಗಾಯಕ ಯೋನಾಸ್ ಕೌಫ್‌ಮನ್ ಹಾಡಿದಾಗ, ದನಿ ಕೇಳಿಸುತ್ತಿಲ್ಲ ಎಂದು ಬೆನ್ನ ಹಿಂದಿನ ಸಾಲುಗಳವರು ತಕರಾರು ತೆಗೆದಿದ್ದರು.

3. ನೀರಿನ ಕಡೆಯಿಂದ ಬನ್ನಿ

ಯು3 ಮೆಟ್ರೊದ ಬೌಮ್‌ವಾಲ್ ನಿಲ್ದಾಣದಿಂದ ನಡೆದೇ ಹೋಗಬಹುದು. ಆದರೆ ಲಾಂಡುಂಗ್ಸ್‌ಬ್ರೂಕನ್ ದೋಣಿಕಟ್ಟೆಯಿಂದ 72ನೇ ಸಂಖ್ಯೆಯ ಫೆರ್ರಿ ಹಿಡಿದರೆ 110 ಮೀಟರ್ ಎತ್ತರದ ಕಟ್ಟಡ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ನಗರ ಸಾರಿಗೆಯ ದಿನದ ಟಿಕೆಟ್ ಇದಕ್ಕೂ ನಡೆಯುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ಫೋಟೊ ತೆಗೆಯಲು ಇದೇ ಸರಿಯಾದ ಹೊತ್ತು.

4. ಪ್ಲಾಜಾ ಹತ್ತಿ

ಗೋದಾಮು ಮುಗಿದು ಗಾಜು ಶುರುವಾಗುವ ಜಾಗದಲ್ಲಿ, 37 ಮೀಟರ್ ಎತ್ತರದಲ್ಲಿ, ಸಾರ್ವಜನಿಕ ಪಡಸಾಲೆಯಿದೆ. ಇಲ್ಲಿಗೆ ಒಯ್ಯುವ ಎಸ್ಕಲೇಟರ್ 82 ಮೀಟರ್ ಉದ್ದ. ನಡುವೆ ಬಾಗಿರುವುದರಿಂದ ಹತ್ತುವಾಗ ತುದಿ ಕಾಣುವುದೇ ಇಲ್ಲ. ಬಂದರಿನ ಕಡೆಗಿರುವ ದೊಡ್ಡ ಕಿಟಕಿಯ ಬಳಿ ಇಳಿದು ಇನ್ನೊಂದು ಚಿಕ್ಕ ಎಸ್ಕಲೇಟರ್ ಏರಬೇಕು. ಪ್ಲಾಜಾಕ್ಕೂ ಚೀಟಿ ಬೇಕು. ಮುಂಗಡವಾಗಿ ಆನ್‌ಲೈನ್‌ನಲ್ಲಿ ಕಾಯ್ದಿರಿಸಿದರೆ ಸಣ್ಣ ಶುಲ್ಕವಿದೆ. ಸಮಯ ಮತ್ತು ದರ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ. ಮೇಲೆ ಗಾಳಿ ಜೋರು, ಬೇಸಿಗೆಯಲ್ಲೂ ಸ್ವೆಟರ್ ಇರಲಿ.

5. ಸಭಾಂಗಣದ ಗೋಡೆ ಗಮನಿಸಿ

ಗೋಡೆ, ಚಾವಣಿಗಳಿಗೆ ಸುಮಾರು 10,000 ಜಿಪ್ಸಂ ಫಲಕಗಳನ್ನು ಹೊದಿಸಿದ್ದಾರೆ. ಹತ್ತಿರದಿಂದ ನೋಡಿದರೆ ಸಮುದ್ರದ ಚಿಪ್ಪಿನಂತೆ ಮೈತುಂಬ ಕುಳಿಗಳು. ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ನಾದವನ್ನು ಎಲ್ಲ ದಿಕ್ಕಿಗೂ ಚದುರಿಸಲೆಂದು ಜಪಾನಿನ ಧ್ವನಿತಜ್ಞ ಯಾಸುಹಿಸಾ ಟೊಯೊಟಾ ಮಾಡಿಸಿದ ಏರ್ಪಾಡಿದು. ಇಡೀ ಸಭಾಂಗಣ ಸ್ಪ್ರಿಂಗ್‌ಗಳ ಮೇಲೆ ಕುಳಿತಿರುವುದರಿಂದ ಬಂದರಿನ ಹಡಗುಗಳ ಸದ್ದು ಒಳಗೆ ನುಸುಳುವುದಿಲ್ಲ. ಕೇಳುಗರ ಆಸನಗಳ ಪಕ್ಕದಲ್ಲೇ ಇರುವ ಪೈಪ್ ಆರ್ಗನ್‌ನ ಕೊಳವೆಗಳನ್ನು ಮುಟ್ಟಿಯೂ ನೋಡಬಹುದು.

6. ಕೇಳುವಾಗ ನೆನಪಿಡಿ

• ಸಣ್ಣ ಸದ್ದೂ ಎಲ್ಲರಿಗೂ ಕೇಳುತ್ತದೆ. ಪೆಪ್ಪರ್‌ಮಿಂಟ್ ಕಾಗದವನ್ನು ಮೊದಲೇ ಬಿಚ್ಚಿಟ್ಟುಕೊಳ್ಳಿ.
• ಕರ್ನಾಟಕ ಸಂಗೀತದ ಕಛೇರಿಯಂತೆ ತೊಡೆ ತಟ್ಟಿ ತಾಳ ಹಾಕುವುದು, ‘ಭೇಷ್’ ಎನ್ನುವುದು ಇಲ್ಲಿ ಸಲ್ಲದು. ಕೃತಿಯ ಭಾಗಗಳ ನಡುವೆಯೂ ಚಪ್ಪಾಳೆ ಬೇಡ, ಪೂರ್ತಿ ಮುಗಿದ ಮೇಲೆ ತಟ್ಟಿ.
• ಕೋಟು, ದೊಡ್ಡ ಚೀಲಗಳನ್ನು ಹೊರಗಿನ ಕೌಂಟರ್‌ನಲ್ಲಿ ಕೊಡಿ.
• ತಡವಾದರೆ ಬಿಡುವು ಸಿಗುವ ತನಕ ಬಾಗಿಲಾಚೆ ಕಾಯಬೇಕಾಗುತ್ತದೆ.

ಕಛೇರಿಯ ಟಿಕೆಟ್ ಇಲ್ಲದೆ ನೋಡಬಹುದೇ?

ಮಾರ್ಗದರ್ಶಕರ ಜತೆಗಿನ ಕಟ್ಟಡ ವೀಕ್ಷಣೆಯೂ ಇದೆ. ಆದರೆ ತಾಲೀಮು ನಡೆಯುತ್ತಿದ್ದರೆ ದೊಡ್ಡ ಸಭಾಂಗಣದೊಳಗೆ ಬಿಡುವುದಿಲ್ಲ. ಹಾಗಾಗಿ ಕೈಯಲ್ಲಿ ಒಂದೇ ಸಂಜೆ ಇದ್ದರೆ, ಅಗ್ಗದ್ದಾದರೂ ಸರಿ, ಕಛೇರಿಯ ಟಿಕೆಟ್ಟನ್ನೇ ಕೊಳ್ಳಿ. ಪ್ಲಾಜಾ ಪ್ರವೇಶ ಅದರಲ್ಲೇ ಸೇರಿರುತ್ತದೆ.